ಘಾಟಿಯ ಮೇಲೊಂದು ಜಗಳ

ಜನವರಿ 9, ಗುರುವಾರ, ಬೆಳಗ್ಗೆ

ಸೇತುವೆಯವರೆಗೆ ಓಡಿ ಬಂದೆ. ಎಡಗಾಲಿನ ಹೆಬ್ಬೆರಳು ಇನ್ನೂ ಜಾಗದಲ್ಲಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ನಾನು ಅಡುಗೆ ಮಾಡುವ ಹಾಸ್ಟೆಲಿನ ಒಲೆಯ ಮುಂದೆ ಕಾಲು ಚಾಚಿಕೊಂಡು ಬರೆಯುತ್ತಿದ್ದೇನೆ. ಹುಡುಗಿಯರಿಗೆ ಬೇಳೆ ಬೇಯುತ್ತಿದೆ. ರೊಟ್ಟಿಯ ಹಿಟ್ಟು ಈ ಚಳಿಗೆ ಉಬ್ಬಲು ಒಪ್ಪುತ್ತಿಲ್ಲ... ಅದಕ್ಕೂ ಒಂದು ಕಂಬಳಿ ಹೊದಿಸಿದೆ.

ಓಡಿ ವಾಪಸ್ ಬರುವಾಗ ಅಮ್ಮ ಮನೆ ಬಾಗಿಲಲ್ಲೇ ನಿಂತಿದ್ದಳು.

"ಯಾಕೇ ತೂದಾ, ನಾಯಿ ಅಟ್ಟಿಸ್ಕೊಂಡು ಬಂತಾ?"

"ಬಂದಿದ್ರೆ ಇನ್ನೂ ಬೇಗ ಬರ್ತಿದ್ದೆ."

"ನಗು, ನಗು. ಬಿರುಕು ಬಿಟ್ಟ ಕೊಡಾನ ಯಾರಾದ್ರೂ ಬಾವಿಗೆ ಇಳಿಸ್ತಾರಾ?"

ಬಿರುಕು ಬಿಟ್ಟ ಕೊಡ ಅಂದರೆ ನಾನು. ನನ್ನದೊಂದು ಕಿಡ್ನಿ ತೆಗೆದು ತಮ್ಮ ಜಾಯಿದನಿಗೆ ಹಾಕಿ ಒಂದೂವರೆ ವರ್ಷವಾಯಿತು. ರಾಜಧಾನಿ ರಬಾತಿನ ಡಾಕ್ಟರು ನಮ್ಮಿಬ್ಬರನ್ನೂ ನೋಡಿ, ಹೋಗಿ, ಬದುಕಿ, ನಡೆದಾಡಿ, ಕೆಲಸ ಮಾಡಿ ಅಂದರು. ನಾನು ಅವರ ಮಾತು ಕೇಳಿದೆ. ಮೊದಲು ನಡೆದೆ, ಆಮೇಲೆ ಓಡಿದೆ. ಊರು ಮಾತ್ರ ಡಾಕ್ಟರ ಮಾತು ಕೇಳಿಲ್ಲ. ಬಾವಿಯ ಹತ್ತಿರ ನಾನು ಕೊಡ ಎತ್ತಿದರೆ ನಾಲ್ಕು ಕೈ ಮುಂದೆ ಬರುತ್ತವೆ. ಮೈ ಉರಿಯುತ್ತದೆ.

ಜನವರಿ 13, ಸೋಮವಾರ, ಸಂಜೆ

ನಾಳೆ ನಮ್ಮ ಬೆಟ್ಟದವರ ಹೊಸ ವರ್ಷ. ಜಾಯಿದನ ಮನೆಯಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ಗಂಜಿ ತಿಂದೆವು. ಗಟ್ಟಿ ಗಂಜಿ, ನಡುವೆ ಬೆಣ್ಣೆಯ ಕೊಳ. ಒಳಗೆಲ್ಲೋ ಒಂದು ಖರ್ಜೂರದ ಬೀಜ. ಅದು ಯಾರ ಬಾಯಿಗೆ ಸಿಗುತ್ತದೋ ಅವರಿಗೆ ವರ್ಷವೆಲ್ಲ ಬರಕತ್ತು.

ಸಿಕ್ಕಿದ್ದು ಜಾಯಿದನಿಗೆ. ಹಲ್ಲಿಗೆ ಟಕ್ ಅಂದದ್ದು ನನಗೇ ಕೇಳಿಸಿತು. ಅವನು ಸುಳ್ಳು ಕೆಮ್ಮು ಕೆಮ್ಮಿ, ಬೀಜವನ್ನು ಚಮಚಕ್ಕೆ ಇಳಿಸಿ, ಮೆಲ್ಲಗೆ ನನ್ನ ಕಡೆಯ ಗಂಜಿಯೊಳಗೆ ಹುದುಗಿಸಿದ.

"ಅಕ್ಕಾ, ನಿನ್ ಕಡೆ ಏನೋ ಇದ್ದಂಗಿದೆ ನೋಡು."

ಎಲ್ಲರೂ ಆಹಾ ಅಂದರು. ಅವನ ಹೆಂಡತಿ ಯಮ್ನಾ ಕಣ್ಣೊರೆಸಿಕೊಂಡಳು. ನನಗೆ ಅವನ ತಲೆಯ ಮೇಲೆ ಗಂಜಿ ಸುರಿಯುವಷ್ಟು ಕೋಪ ಬಂತು.

ಇವನು ಹನ್ನೆರಡು ವರ್ಷದವನಿದ್ದಾಗ ಬೀಜ ನನಗೆ ಸಿಗಬಾರದು ಅಂತ ನುಂಗಿಬಿಟ್ಟವನು. ಅಮ್ಮ ಎರಡು ದಿನ ಅವನ ಹಿಂದೆ ಹೊಲಕ್ಕೆ ಹೋಗಿ ಕಾದಳು. ಮೂವತ್ತು ದಾಟಿದ ಮೇಲೂ ನಾವಿಬ್ಬರೂ ಬೆಳಗ್ಗೆ ಒಂದು, ಸಂಜೆ ಒಂದು ಜಗಳ ಆಡುತ್ತಿದ್ದೆವು. ನನ್ನ ರೊಟ್ಟಿಯಿಂದ ಹೇಸರಗತ್ತೆಗೆ ಲಾಳ ಹೊಡೆಯಬಹುದು ಅನ್ನುತ್ತಿದ್ದ. ಗಂಡನ ಮನೆ ಬಿಟ್ಟು ಬಂದ ದಿನ ಊರೆಲ್ಲ ಅಯ್ಯೋ ಅಂದರೆ ಇವನು ಮಾತ್ರ, "ಆ ಮನುಷ್ಯ ಕೊನೆಗೂ ಬಚಾವಾದ" ಅಂದಿದ್ದ. ಆ ಮಾತಿಗೆ ನಕ್ಕು ನಕ್ಕು ನಾನು ಬದುಕಿಕೊಂಡೆ.

ಆಪರೇಷನ್ ಆದ ಮೇಲೆ ಒಂದು ಬೈಗುಳವಿಲ್ಲ. ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾನೆ. ಮಾಂಸದ ಒಳ್ಳೆಯ ತುಂಡು ನನ್ನ ಕಡೆ ತಳ್ಳುತ್ತಾನೆ. ಕಣ್ಣೆತ್ತಿ ನೋಡುವುದಿಲ್ಲ. ಯಾರದೋ ಮನೆಗೆ ಬಂದ ನೆಂಟ.

ನನಗೆ ನನ್ನ ತಮ್ಮ ವಾಪಸ್ ಬೇಕು. ಅಷ್ಟೇ.

ಜನವರಿ 22, ಬುಧವಾರ

ಹೆಸರು ಕೊಟ್ಟೆ. ಫೆಬ್ರವರಿಯ ಹಿಮದ ಓಟ. ಸಂತೆ ಬಯಲಿನಿಂದ ಹೊರಟು, ಮೇಲಿನ ಘಾಟಿ ಹತ್ತಿ, ಇನ್ನೊಂದು ಮಗ್ಗುಲಿನಿಂದ ಇಳಿದು ಮತ್ತೆ ಸಂತೆ ಬಯಲಿಗೆ. ಕಾಸಾಬ್ಲಾಂಕಾದವರು, ಮರಾಕೇಶಿನವರು ಬಂದು ನಮ್ಮ ಬೆಟ್ಟದಲ್ಲಿ ಓಡಿ ಹೋಗುತ್ತಾರೆ. ನಾವು ಚಹಾ ಕಾಯಿಸಿ ಕೊಡುತ್ತೇವೆ. ಈ ಸಲ ಚಹಾ ಬೇರೆಯವರು ಕಾಯಿಸಲಿ.

ಅಜೀಲಾಲ್ ಪಟ್ಟಣದ ಡಾಕ್ಟರು ರಕ್ತ, ಮೂತ್ರ ಎಲ್ಲ ನೋಡಿ ಸರ್ಟಿಫಿಕೇಟ್ ಕೊಟ್ಟರು. "ಓಡಮ್ಮ. ಆದರೆ ನೀರು! ಚಳಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ. ಬಾಯಾರದಿದ್ರೂ ಕುಡೀಬೇಕು. ನೋವಿನ ಮಾತ್ರೆ ಮುಟ್ಟಬಾರದು." ಸರಿ ಅಂದೆ.

ಇದಕ್ಕಾದರೂ ಜಾಯಿದ್ ಬೈಯುತ್ತಾನೆ ಅಂದುಕೊಂಡಿದ್ದೆ. ನೇರ ಹೋಗಿ ಹೇಳಿದೆ. ಕೊಟ್ಟಿಗೆಯಲ್ಲಿ ಹೇಸರಗತ್ತೆಗೆ ಹುಲ್ಲು ಹಾಕುತ್ತಿದ್ದ. ಅವನು ಪ್ರವಾಸಿಗರ ಸಾಮಾನು ಹೊರಿಸಿಕೊಂಡು ಬೆಟ್ಟ ಹತ್ತುವುದನ್ನು ಬಿಟ್ಟಾಗಿನಿಂದ ಅದೂ ಕೊಬ್ಬಿದೆ, ಇವನೂ ಕೂತಲ್ಲೇ ಕೂತಿದ್ದಾನೆ. ದಿನಾ ನಡೆಯಬೇಕು ಅಂತ ರಬಾತಿನಲ್ಲಿ ಸಾರಿ ಸಾರಿ ಹೇಳಿದ್ದರು. ಇವನು ನನ್ನ ಕಿಡ್ನಿಯನ್ನು ಮಡಿಲಲ್ಲಿ ಮೊಟ್ಟೆ ಇಟ್ಟುಕೊಂಡ ಹಾಗೆ ಕಾಯುತ್ತಾನೆ.

ಹುಲ್ಲಿನ ಕಟ್ಟು ಕೆಳಗೆ ಹಾಕಿದ. ದವಡೆ ಅಲ್ಲಾಡಿತು. ಬಂತು, ಈಗ ಬಂತು ಅಂತ ಕಾದೆ.

"ನಿನ್ನಿಷ್ಟ ಅಕ್ಕ," ಅಂದ.

ಹೇಸರಗತ್ತೆಯನ್ನೇ ಒದೆಯೋಣ ಅನ್ನಿಸಿತು. ಅದರ ತಪ್ಪೇನಿದೆ.

ಅಮ್ಮನಿಗೆ ಸುದ್ದಿ ಮುಟ್ಟಿತು. ರಾತ್ರಿ ಊಟವಿಲ್ಲ. "ಎರಡು ಮಕ್ಳು, ನಡೆಯೋ ಕಿಡ್ನಿ ಎರಡು. ಒಂದು ನಿಂತ್ರೆ ನಾನ್ ಯಾರ ಹತ್ರ ಹೋಗ್ಲಿ?" ಅಮ್ಮನ ಕೈ ಹಿಡಿದುಕೊಂಡೆ. ಕಿತ್ತುಕೊಂಡಳು.

ಫೆಬ್ರವರಿ 1, ಶನಿವಾರ

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ವಾರವೆಲ್ಲ ಹಿಮ. ಆದರೂ ಓಡಿದೆ. ಮೊಣಕಾಲಿನವರೆಗೆ ಹೂತುಕೊಂಡರೆ ಅದು ಓಟವಲ್ಲ, ಉಳುಮೆ. ಹಾಸ್ಟೆಲಿನ ಹುಡುಗಿಯರು ಕಿಟಕಿಯಿಂದ ಕೂಗುತ್ತಾರೆ, "ಚಿಕ್ಕಮ್ಮಾ, ಬೇಳೆ ಹೊತ್ತಿದೆ, ಬೇಗ ಬಾ!" ಹೊತ್ತಿರುವುದಿಲ್ಲ. ಆದರೂ ಆ ಮಾತಿಗೆ ಕಾಲು ಜೋರಾಗುತ್ತದೆ.

ಅರ್ಧ ಘಾಟಿ ಹತ್ತಿ ಇಳಿದೆ. ಪಕ್ಕೆಯ ಹೊಲಿಗೆ ಜಾಗದಲ್ಲಿ ಎಳೆತ, ನೋವಲ್ಲ. ಕೆಳಗೆ ಮನೆಗಳ ಹೊಗೆ. ಬಹಳ ದಿನಗಳ ಮೇಲೆ ನನ್ನ ಮೈ ನನ್ನದೇ ಅನ್ನಿಸಿತು. ತಮ್ಮನಿಗೋಸ್ಕರ ಅಂತ ಹೊರಟದ್ದು ನಿಜ. ಈಗ ನನಗೂ ಬೇಕು. ಈ ಘಾಟಿ ನನಗೆ ಬೇಕು.

ಫೆಬ್ರವರಿ 15, ಶನಿವಾರ, ಮಧ್ಯಾಹ್ನ

ಹಿಮ ಬಿದ್ದು ರಸ್ತೆ ಮುಚ್ಚಿತ್ತು, ತೆರೆಯಿತು. ಓಟದವರು ಬಂದರು. ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಇವತ್ತು ಬೇಕಾದಷ್ಟಿದೆ.

ಬೆಳಗ್ಗೆ ಅಸ್ಸೂ ಓಡಿ ಬಂದ. ಪ್ರವಾಸಿಗರ ತಂಗುಮನೆ ನಡೆಸುವವನು. ತಲೆಯ ಮೇಲೆ ಪೇಟವೂ ಇಲ್ಲ.

"ತೂದಾ, ಬೇಗ ಬಾ! ನಿಮ್ಮಮ್ಮ ನನ್ ಮನೇಲಿ ಆರ್ ಹಾಕಿದ್ದಾಳೆ!"

ಕೊಲೆಗಾರನಿಗೆ ಕ್ಷಮೆ ಕೇಳುವಾಗ, ಮುರಿದ ಮದುವೆ ಕೂಡಿಸುವಾಗ ನಮ್ಮವರು ಆರ್ ಹಾಕುತ್ತಾರೆ. ಒಬ್ಬರ ಹೊಸ್ತಿಲಲ್ಲಿ ಪ್ರಾಣಿ ಕೊಯ್ದು ರಕ್ತ ಬಿಟ್ಟರೆ ಮುಗಿಯಿತು, ಆ ಮನೆಯವರು ಕೇಳಿದ್ದನ್ನು ನಡೆಸಿಕೊಡಬೇಕು. ಇಲ್ಲವೆಂದರೆ ಶಾಪ ಅವರ ತಲೆಗೆ. ಓಟಕ್ಕೆ ಹೆಸರು ಕೊಟ್ಟವಳ ಹೆಸರು ಹೊಡೆದು ಹಾಕಿಸುವುದಕ್ಕೆ ಆರ್ ಹಾಕಿದ್ದನ್ನು ನಾನಂತೂ ಕೇಳಿಲ್ಲ.

ಹೋಗಿ ನೋಡಿದರೆ ಹೊಸ್ತಿಲ ತುಂಬ ರಕ್ತ. ನಮ್ಮ ಕೆಂಪು ಹುಂಜ. ಅಮ್ಮ ಗೋಡೆಗೊರಗಿ ಕೂತಿದ್ದಾಳೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮುಖ. ಎದುರಿಗೆ ಒಂದು ಹೆಂಗಸು, ಕಾಲಲ್ಲಿ ಬಿಳಿ ಕಾಲುಚೀಲ. ಈಗ ಬಿಳಿಯಲ್ಲ.

ಅಮ್ಮ ಲೆಕ್ಕ ಹಾಕಿದ್ದು ಓಟ ನಡೆಸುವ ಯಜಮಾನ ಆ ಕೋಣೆಯಲ್ಲಿದ್ದಾನೆ ಅಂತ. ಅವನು ಒಲೆಯ ಹೊಗೆ ತಡೆಯಲಾರದೆ ರಾತ್ರಿಯೇ ಶಾಲೆಯ ಕಟ್ಟಡಕ್ಕೆ ಹೋಗಿದ್ದ. ಕೋಣೆ ಸಿಕ್ಕಿದ್ದು ಓಟದ ಡಾಕ್ಟರಿಗೆ. ಡಾಕ್ಟರ್ ಲಮ್ಯಾ, ಕಾಸಾಬ್ಲಾಂಕಾದವರು. ಹಲ್ಲುಜ್ಜಲು ಹೊರಗೆ ಬಂದು ಆರ್ ತುಳಿದಿದ್ದಾರೆ.

"ಅಜ್ಜಿ, ಇದು ನನ್ ಮೇಲೆ ಬಿತ್ತಲ್ಲ," ಅಂದರು. ನಗಲು ನೋಡಿದರು, ಆಗಲಿಲ್ಲ. ಅವರ ಅಜ್ಜಿಯೂ ಬೆಟ್ಟದವಳಂತೆ. ಗೊತ್ತಿರುವವರಿಗೇ ಭಯ ಜಾಸ್ತಿ.

"ಯಾರ ಮೇಲೆ ಬಿದ್ರೂ ಬಿತ್ತು. ನನ್ ಮಗಳ ಹೆಸರು ಹೊಡೆದು ಹಾಕು ತಾಯಿ."

"ಅವರ ರಿಪೋರ್ಟ್ ನೋಡಿದೀನಿ. ನನ್ನ ರಿಪೋರ್ಟಿಗಿಂತ ಚೆನ್ನಾಗಿದೆ. ಏನಂತ ಹೊಡೀಲಿ?"

"ಹುಂಜ ಸತ್ತಿದೆ!"

"ಗೊತ್ತಾಗ್ತಿದೆ ಅಜ್ಜಿ, ಅದರ ಮೇಲೇ ನಿಂತಿದೀನಿ."

ನಾನು ಬಾಯಿ ಹಾಕಲು ಹೋದೆ. ಅಸ್ಸೂ ಕಣ್ಣಲ್ಲೇ ತಡೆದ. ಡಾಕ್ಟರು ಕಾಲುಚೀಲ ಬಿಚ್ಚಿ ಮೆಟ್ಟಿಲ ಮೇಲೆ ಕೂತು ಯೋಚಿಸಿದರು. ಕೊನೆಗೆ ಹೇಳಿದ್ದು: "ನಿಮ್ಮನ್ನ ಬರಿಗೈಲಿ ಕಳಿಸಲ್ಲ. ಘಾಟಿಯ ನೆತ್ತಿಮೇಲೆ ನಮ್ಮ ಟೆಂಟ್ ಇದೆ. ಅಲ್ಲಿ ನಿಮ್ಮನೆಯವರು ಒಬ್ಬರು ನಿಲ್ಲಲಿ. ತೂದಾ ಬಂದಾಗ ನೋಡಲಿ. ಸಾಕು ಅಂತ ಅವರು ಹೇಳಿದ್ರೆ ಸಾಕು. ಎದೆಮೇಲಿನ ನಂಬರ್ ಅವರೇ ಕೀಳಬಹುದು. ನಾನು ಪ್ರಶ್ನೆ ಮಾಡಲ್ಲ."

ಅಮ್ಮ ಎದ್ದು ಅವರ ಹಣೆಗೆ ಮುತ್ತಿಟ್ಟಳು. "ಜಾಯಿದ್ ಹೋಗ್ತಾನೆ," ಅಂದಳು. ಗಂಡಸರಲ್ಲಿ ಅವನೊಬ್ಬನೇ ಇರುವುದು.

ಸಂಜೆ

ಜಾಯಿದನನ್ನು ಕೇಳಿದೆ. "ನಂಬರ್ ಕೀಳ್ತೀಯಾ?"

"ಅಮ್ಮ ಕೀಳು ಅಂದಿದ್ದಾಳೆ. ನೀನು ಬೇಡ ಅಂದ್ರೆ..."

"ನೀನೇನಂತೀಯಾ?"

"ನಾನೇನನ್ನಲಿ ಅಕ್ಕ."

ಇವನನ್ನು ಹೆತ್ತವಳೇ ನನ್ನನ್ನೂ ಹೆತ್ತಳೇ? ಮಲಗುತ್ತೇನೆ. ನಾಳೆ ಅವನು ಅಲ್ಲಿ ದಿಂಬಿನ ಹಾಗೆ ನಿಂತಿರುತ್ತಾನೆ, ನಾನು ಅವನ ಮುಂದೆಯೇ ದಾಟಿ ಹೋಗುತ್ತೇನೆ.

ಫೆಬ್ರವರಿ 16, ಭಾನುವಾರ, ಬೆಳಗ್ಗೆ

ಸೊನ್ನೆಗಿಂತ ಹನ್ನೊಂದು ಕೆಳಗೆ ಅಂತೆ. ಗಾಳಿ ಬೇರೆ. ಎರಡು ಸ್ವೆಟರ್, ಯಮ್ನಾ ಹೆಣೆದ ಉಣ್ಣೆಯ ಕಾಲುಚೀಲ, ಬಾಟಲಿ ಸೊಂಟಕ್ಕೆ. ಅಮ್ಮ ಮುಖ ಊದಿಸಿಕೊಂಡೇ ಜೇಬಿಗೆ ವಾಲ್‌ನಟ್ ತುರುಕಿದಳು. ಹೊರಟೆ. ಬಿಸ್ಮಿಲ್ಲಾ.

ಫೆಬ್ರವರಿ 17, ಸೋಮವಾರ

ಬೆರಳು ಊದಿದೆ. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕು. ಆದರೂ ಇವತ್ತೇ ಬರೆಯಬೇಕು, ನಾಳೆಗೆ ಜಾಯಿದ್ ಕಥೆ ಬದಲಿಸಿಬಿಡುತ್ತಾನೆ.

ಹೊರಡುವಾಗ ಎಲ್ಲರೂ ಬಾಣದ ಹಾಗೆ ಹೋದರು. ನಾನು ಹೋಗಲಿಲ್ಲ. ಪಟ್ಟಣದವರು ಮೊದಲ ಏರಿನಲ್ಲೇ ಬಾಯಿ ತೆರೆದುಕೊಂಡು ಐಸು ನುಂಗುತ್ತಿದ್ದರು. ನಾನು ಮೂಗಿಗೆ ಬಟ್ಟೆ ಸುತ್ತಿ ಸಣ್ಣ ಸಣ್ಣ ಹೆಜ್ಜೆ ಹಾಕಿದೆ. ಮೇಲಿನ ಕೇರಿಯಲ್ಲಿ ಜನ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದರು. ಮುಂದೆ ಹೋದವರು ಯಾರೂ ನಿಂತಿಲ್ಲವಂತೆ. ಒಬ್ಬ ಮುದುಕ ಅವಮಾನದಿಂದ ಕೆಂಪಾಗಿದ್ದ. "ಇವರೆಲ್ಲ ಯಾರ ಮನೆಗೆ ಬೆಂಕಿ ಬಿದ್ದಿದೆ ಅಂತ ಓಡ್ತಿದಾರೆ ಮಗಳೇ?" ನಿಂತು ಒಂದು ಪುಟ್ಟ ಲೋಟ ಕುಡಿದೆ. ಹಾಗೆಯೇ ಹೋಗಲು ನನಗೆ ಮನಸ್ಸು ಬರಲಿಲ್ಲ.

ಅದಾದ ಮೇಲೆ ಏರು, ಏರು, ಏರು. ಹಿಮ ಗಟ್ಟಿಯಾಗಿತ್ತು, ಕಾಲು ಹೂಳುತ್ತಿರಲಿಲ್ಲ. ಗಾಳಿ ಮಾತ್ರ ಮುಖವನ್ನೇ ಸುಲಿಯುತ್ತಿತ್ತು. ರೆಪ್ಪೆಗಳು ಅಂಟಿಕೊಂಡವು. ಒಂದು ತಿರುವಿನಲ್ಲಿ ಕೂತುಬಿಡೋಣ ಅನ್ನಿಸಿತು. ಬಾವಿಯ ಹತ್ತಿರ ಮುಂದೆ ಬರುವ ಆ ನಾಲ್ಕು ಕೈ ನೆನಪಾಯಿತು. ಎದ್ದೆ. ಅಲ್ಲ, ಕೂರಲೇ ಇಲ್ಲ.

ನೀರು? ನೆನಪೇ ಆಗಲಿಲ್ಲ. ಬಾಯಾರಲಿಲ್ಲ. ಡಾಕ್ಟರು ಹೇಳಿದ್ದು ಇದನ್ನೇ, ನಾನು ಮಾಡಿದ್ದೂ ಇದನ್ನೇ.

ನೆತ್ತಿ ತಲುಪಿದಾಗ ಟೆಂಟಿನಲ್ಲಿ ಗಡಿಯಾರ ಹಿಡಿದ ಒಬ್ಬ ಯುವಕ, ಒಲೆ, ಕೆಟಲು, ಜಾಯಿದನನ್ನು ಹೊತ್ತು ತಂದ ಹೇಸರಗತ್ತೆ, ಕಂಬಳಿಯೊಳಗೆ ಅವನು. ಮೂಗು ಮಾತ್ರ ಕಾಣುತ್ತಿತ್ತು.

"ಬಾ ಅಕ್ಕ, ಕೂತ್ಕೋ. ಸುಸ್ತಾಗಿದ್ಯಾ?" ಅದೇ ಮೆತ್ತಗಿನ ದನಿ. ಸೊಂಟದ ಬಾಟಲಿ ಬಿಚ್ಚಿಕೊಂಡ, ಬಿಸಿನೀರು ತುಂಬಿಸಲು. ಅಲ್ಲಾಡಿಸಿದ. ಸದ್ದಿಲ್ಲ. ಮತ್ತೆ ಅಲ್ಲಾಡಿಸಿದ. ಮುಚ್ಚಳ ತಿರುಗಿಸಿ ಒಳಗೆ ನೋಡಿದ. ತುಂಬಾ ಗಟ್ಟಿ ಮಂಜುಗಡ್ಡೆ. ಕೆಳಗಿನಿಂದ ಇಲ್ಲಿಯವರೆಗೆ ಒಂದು ಹನಿ ಕಡಿಮೆಯಾಗಿಲ್ಲ.

ಜಾಯಿದ್ ಕಂಬಳಿ ಕೆಳಗೆ ಬಿಟ್ಟ.

"ಕತ್ತೆ!" ಅಂದ.

ನಾನು ಅಲುಗಾಡಲಿಲ್ಲ.

"ಕತ್ತೆಗೂ ಗೊತ್ತಿರತ್ತೆ, ನೀರು ಕಂಡಲ್ಲಿ ಬಾಯಿ ಹಾಕತ್ತೆ! ಬಾಟಲಿ ಹೊಟ್ಟೆಗೆ ಒತ್ತಿ ಬಟ್ಟೆ ಒಳಗೆ ಕಟ್ಕೋಬೇಕು ಅಂತ ಮಗೂಗೂ ಗೊತ್ತು! ಬೆಟ್ಟದಲ್ಲಿ ಹುಟ್ಟಿದ್ಯೋ ಬಿಸಿನೀರಿನ ಹಮಾಮಿನಲ್ಲಿ ಹುಟ್ಟಿದ್ಯೋ? ನಿನ್ ಹತ್ರ ಇರೋದು ಒಂದೇ ಕಣೇ, ಒಂದೇ!"

"ಇನ್ನೊಂದು ಎಲ್ಲಿ ಹೋಯ್ತು ಅಂತ ಕೇಳು!" ಬಾಯಿಂದ ಬಂದೇಬಿಟ್ಟಿತು.

"ನಾನ್ ಕೇಳಿದ್ನಾ? ನಾನು ಬೇಡ ಅಂದೆ! ನೂರು ಸಲ ಅಂದೆ! ನೀನೇ ರಾಣಿ ಥರ ಹೋಗಿ ಮಲ್ಕೊಂಡೆ ಅಲ್ಲಿ. ಈಗ ನಿನ್ ಮುಂದೆ ಕೂತ್ರೆ ನನಗೆ ತುತ್ತು ಇಳಿಯಲ್ಲ. ಒಂದು ಮಾತು ಆಡಕ್ಕೆ ಆಗಲ್ಲ. ಕೆಮ್ಮಿದ್ರೆ ಭಯ, ನಡೆದ್ರೆ ಭಯ, ನಿನ್ನ ಸಾಮಾನು ಎಲ್ಲಿ ಹಾಳು ಮಾಡ್ತೀನೋ ಅಂತ!"

"ಅಷ್ಟು ಭಾರ ಆದ್ರೆ ವಾಪಸ್ ಕೊಡು!"

"ತಗೋ! ಚಾಕು ತಗೊಂಡು ಬಾ, ತಗೋ!"

ಗಡಿಯಾರದ ಯುವಕ ಟೆಂಟಿನಿಂದ ಹೊರಗೆ ಹೋದ, ಆ ಗಾಳಿಗೆ.

ನನಗೆ ಅಳು ಬಂತು. ಕಣ್ಣೀರು ಕೆನ್ನೆಯ ಮೇಲೇ ಹೆಪ್ಪುಗಟ್ಟಿತು. ದುಃಖಕ್ಕಲ್ಲ. ಇವನು ಇಲ್ಲಿಯೇ ಇದ್ದ, ಇಷ್ಟು ದಿನ ಒಳಗೇ ಇದ್ದ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ. ಅದನ್ನು ಹೇಳುವ ಮೊದಲೇ ಅವನು ಕೈ ಚಾಚಿ ನನ್ನ ಎದೆಯ ಮೇಲಿನ ನಂಬರನ್ನು ಪಿನ್ನಿನ ಸಮೇತ ಕಿತ್ತುಬಿಟ್ಟ. ಹೊಸ ಸ್ವೆಟರ್ ಹರಿಯಿತು.

"ಮುಗೀತು. ಕೂತ್ಕೋ, ಕುಡಿ."

ಸಂತೋಷವೆಲ್ಲ ಒಂದೇ ಉಸಿರಿಗೆ ಹಾರಿಹೋಯಿತು. ನನ್ನ ಘಾಟಿ! ಒಂದು ಬಟ್ಟಲು ಬಿಸಿನೀರು ಕುಡಿದೆ. ಇನ್ನೊಂದು ಕೇಳಿ ಅದನ್ನೂ ಕುಡಿದೆ. ಬಟ್ಟಲು ಕೆಳಗಿಟ್ಟೆ. "ನಂಬರ್ ಕಿತ್ಕೊಂಡೆ. ಕಾಲು ನನ್ ಹತ್ರಾನೇ ಇದೆ," ಅಂದೆ. ಟೆಂಟಿನಿಂದ ಹಾರಿ ಇಳಿಜಾರಿನಲ್ಲಿ ಓಟ ಕಿತ್ತೆ.

"ತೂದಾ! ನಿಲ್ಲೇ! ಹಠಮಾರಿ! ಬಾಟಲಿ ಇಲ್ಲ ನಿನ್ ಹತ್ರ!"

ತಿರುಗಿ ನೋಡಿದರೆ ಕೈಯಲ್ಲಿ ಕೆಟಲು ಹಿಡಿದು ಓಡಿ ಬರುತ್ತಿದ್ದಾನೆ. ಜಾಯಿದ್! ಊರೊಳಗಿನ ಏರು ಹತ್ತಲು ಮೂರು ಕಡೆ ಕೂರುವವನು. ಹೇಸರಗತ್ತೆಯನ್ನು ಆ ಪಾಪದ ಯುವಕನ ಕೈಗೆ ಕೊಟ್ಟು ಬಂದಿದ್ದ.

ಕೆಳಗಿನ ಕಣಿವೆಯವರೆಗೂ ಬೈದಾಟ. ನನ್ನ ರೊಟ್ಟಿ, ನನ್ನ ಮದುವೆ, ಹೊಸ ವರ್ಷದ ಗಂಜಿ, ಅವನು ಮಾರಿದ ಅಪ್ಪನ ರೇಡಿಯೋ, ಒಂದೂ ಬಿಡಲಿಲ್ಲ. ಅವನಿಗೆ ಏದುಸಿರು ಹತ್ತಿದಾಗ ನಿಂತೆ. ನನಗೆ ಹತ್ತಿದಾಗ ಅವನು ಕೆಟಲಿನ ಮೂತಿಯಿಂದಲೇ ನೀರು ಕುಡಿಸಿದ, ಕರುವಿಗೆ ಕುಡಿಸಿದ ಹಾಗೆ, ಬೈಯುತ್ತ. ಮತ್ತೆ ಓಡಿದೆವು. ಹಿಂದಿನಿಂದ ಬಂದ ಮರಾಕೇಶಿನ ಇಬ್ಬರು ನಮ್ಮನ್ನು ಸುತ್ತಿ ಬಳಸಿ ದೂರದಿಂದ ದಾಟಿಹೋದರು. ಬಿಸಿಲು ಬಂದಿತ್ತು. ನನ್ನ ಎರಡೂ ಕಿಡ್ನಿಗಳು ಆ ಇಳಿಜಾರಿನಲ್ಲಿ ಅಕ್ಕಪಕ್ಕ ಓಡಿದವು.

ಸಂತೆ ಬಯಲಲ್ಲಿ ಡಾಕ್ಟರ್ ಲಮ್ಯಾ ಮೊದಲು ನನ್ನ ನಾಡಿ ನೋಡಿದರು, ಆಮೇಲೆ ಜಾಯಿದನದು, ಆಮೇಲೆ ಕೆಟಲು. ಯಾರನ್ನೂ ಏನೂ ಕೇಳಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಘಾಟಿಯಲ್ಲಿ ನಿಂತರು' ಅಂತ ಬರೆದಿದ್ದಾರೆ. ಸುಳ್ಳು. ನಾನು ಘಾಟಿಯಲ್ಲಿ ನಿಂತಿಲ್ಲ, ಜಗಳ ಆಡಿದೆ. ಮುಂದಿನ ವರ್ಷ ನಂಬರನ್ನು ಸ್ವೆಟರಿಗೇ ಹೊಲಿದುಕೊಳ್ಳುತ್ತೇನೆ, ನೋಡೋಣ ಯಾರು ಕೀಳುತ್ತಾರೆ.

ಮಗ ಓಡಿ ಬರುವುದನ್ನು ನೋಡಿ ಅಮ್ಮ ಹಿಮದಲ್ಲೇ ಕುಕ್ಕರಿಸಿಬಿಟ್ಟಿದ್ದಳು. ಅಳು, ನಗು, ಎರಡೂ. "ಒಬ್ಬಳನ್ನ ನಿಲ್ಲಿಸಕ್ಕೆ ಹುಂಜ ಕೊಯ್ದೆ, ಇಬ್ಬರೂ ಓಡಿದ್ರಲ್ಲೋ, ಯಾ ಅಲ್ಲಾ," ಅಂತ ಸಂಜೆಯವರೆಗೂ ಹೇಳುತ್ತಿದ್ದಳು.

ಫೆಬ್ರವರಿ 19, ಬುಧವಾರ, ಸಂಜೆ

ಜಾಯಿದ್ ಸುಳ್ಳುಗಾರ. ಬಾವಿಯ ಹತ್ತಿರ, ಅಸ್ಸೂನ ಅಂಗಳದಲ್ಲಿ, ಹಾಸ್ಟೆಲಿನ ಗೇಟಿನಲ್ಲಿ, ಎಲ್ಲ ಕಡೆ ಹೇಳಿಕೊಂಡು ಬಂದಿದ್ದಾನೆ, ಕೊನೆಯ ಗೆರೆ ಮೊದಲು ದಾಟಿದ್ದು ತಾನು ಅಂತ. ಮೊಣಕಾಲು ಊದಿಸಿಕೊಂಡು ಕುಂಟುತ್ತ ಹೋಗಿ ಹೇಳಿದ್ದಾನೆ. ಹುಡುಗಿಯರು ನನ್ನನ್ನು ನೋಡಿ ಕಿಸಿಕಿಸಿ ನಗುತ್ತಾರೆ.

ನಡೆದದ್ದು ಇಷ್ಟು. ಗೆರೆಯ ಹತ್ತಿರ ಇಬ್ಬರೂ ಸಮ. ಮೊದಲು ದಾಟಿದ್ದು ಅವನ ಕಾಲಲ್ಲ, ಅವನು ಮುಂದೆ ಚಾಚಿದ್ದ ಕೆಟಲಿನ ಮೂತಿ. ಕೆಟಲು ಅಸ್ಸೂನದು. ಅದನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಗೆದ್ದವನು ಅಸ್ಸೂ. ಕಾಲಿನ ಮಾತು ಬೇರೆ. ನನ್ನ ಬಲಗಾಲು ಸ್ಪಷ್ಟವಾಗಿ ಅವನಿಗಿಂತ

ಬಾಗಿಲು ಒದೆಯುತ್ತಿದ್ದಾನೆ. ನನ್ನ ರೊಟ್ಟಿಯಿಂದ ಹಲ್ಲು ಮುರಿಯಿತಂತೆ. ಬರಲಿ ಒಳಗೆ, ಇವತ್ತು ಅವನ